ಅಪ್ಪ ಕಡೆದ ಬಿರಡೆ

ನಮ್ಮ ಮನೆಯಿಂದ ಒಬ್ಬ ಇಂಜಿನಿಯರು ಹೊರಗೆ ಬರುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವನು ನನ್ನ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಬೇರೆಯವರೂ ಹೇಳಿದ್ದರು, ಆದರೆ ಬೆನ್ನ ಹಿಂದೆ. ಇವನು ಹೊಂಗನೂರಿನ ನಮ್ಮ ಮನೆಯ ಜಗಲಿಯ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದ. ಡಿಪ್ಲೊಮಾ ಮುಗಿಸಿದ ನನಗೆ ರಾಮನಗರದ ಹತ್ತಿರದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಬಿ.ಇ.ಗೆ ನೇರವಾಗಿ ಎರಡನೆಯ ವರ್ಷಕ್ಕೆ ಸೀಟು ಸಿಕ್ಕಿತ್ತು. ಸುದ್ದಿ ಕೇಳಿ ಅವನು ಲೋಟ ಕೆಳಗಿಟ್ಟ.

'ಬೊಂಬೆ ಕಡೆಯೋನ ಮಗ ಬೊಂಬೆ ಕಡೀಬೇಕು ಕಣ್ಲಾ. ಎಷ್ಟು ಓದ್ಕಂಡ್ರೂ ಕೊನೇಗೆ ನನ್ ತಾವೇ ಬತ್ತೀಯ.'

ಅಪ್ಪ ಪಕ್ಕದಲ್ಲೇ ಇದ್ದ. ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂತು ಗಿಲಕಿ, ಬುಗುರಿ, ಸಣ್ಣ ಚಕ್ರದ ಗಾಡಿ ಕಡೆಯುವುದು ಅಪ್ಪನ ಕೆಲಸ. ಮಾವ ಪ್ಯಾಂಟು ಹಾಕಿ, ಕೊರಳಿಗೆ ಐಡಿ ಕಾರ್ಡು ನೇತು ಹಾಕಿಕೊಂಡು ಓಡಾಡುವವನು. ರಾಮನಗರದಿಂದ ಕನಕಪುರದ ಕಡೆ ಹೋಗುವಾಗ ಬಂಡೆಗುಡ್ಡಗಳ ಸಂದಿಯಲ್ಲಿ ಎದ್ದಿದ್ದ ಒಂದು ರೆಸಾರ್ಟಿನಲ್ಲಿ ಅವನು ಆಟಗಳ ವಿಭಾಗದ ಮೇಲ್ವಿಚಾರಕ. ಹಗ್ಗದ ಮೇಲೆ ಜಾರುವುದು, ಬಂಡೆ ಹತ್ತುವುದು, ಇವೆಲ್ಲದರ ಜೊತೆಗೆ ಪೇಂಟ್‌ಬಾಲ್. ನಮ್ಮ ಕಡೆಯ ಜನ ಅದನ್ನು ಬಣ್ಣದ ಗುಂಡಿನಾಟ ಅನ್ನುತ್ತಿದ್ದರು.

ಮಾವನ ಮಾತು ಅರ್ಧ ನಿಜವಾಯಿತು ಎಂಬುದೇ ನನ್ನ ಹೊಟ್ಟೆಯೊಳಗಿನ ಉರಿ. ಓದಿನ ಖರ್ಚಿಗೆ ನಾನು ಅವನ ತಾವೇ ಹೋದೆ. ಶನಿವಾರ, ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮೈದಾನದಲ್ಲಿ ಮಾರ್ಷಲ್. ಹೆಸರು ದೊಡ್ಡದು. ಕೆಲಸವೆಂದರೆ ಬೆಂಗಳೂರಿನ ಕಂಪನಿಗಳಿಂದ ಬಸ್ಸಿನಲ್ಲಿ ಬಂದಿಳಿದವರಿಗೆ ದಪ್ಪ ಜಾಕೆಟ್ಟು ತೊಡಿಸುವುದು, ಮುಖಕ್ಕೆ ಮಾಸ್ಕು ಕಟ್ಟುವುದು, ಕೈಗೆ ಮಾರ್ಕರ್ ಕೊಡುವುದು. 'ಗನ್ ಅನ್ಬ್ಯಾಡಿ, ಮಾರ್ಕರ್ ಅನ್ನಿ, ಪೊಲೀಸ್‌ನೋರ ಕಿವಿಗೆ ಬಿದ್ರೆ ನಮ್ಗೇ ತಲೆನೋವು' ಎಂದು ಮಾವ ದಿನಾ ಹೇಳುತ್ತಿದ್ದ. ಬಂದವರು ಗನ್ ಅಂತಲೇ ಕರೆಯುತ್ತಿದ್ದರು. ಅವರ ಬಾಯಿ ಮುಚ್ಚಿಸಲು ಅವನಿಗೆ ಧೈರ್ಯವಿರಲಿಲ್ಲ.

ಟೈರುಗಳ ಗೋಡೆ, ಮರಳಿನ ಚೀಲ, ಹಳೆಯ ಡಾಂಬರು ಡ್ರಮ್ಮು, ಇವುಗಳ ಹಿಂದೆ ಅವಿತುಕೊಂಡು ಎರಡು ಗುಂಪಿನವರು ಒಬ್ಬರಿಗೊಬ್ಬರು ಹೊಡೆದುಕೊಳ್ಳಬೇಕು. ಗುಂಡು ಅಂದರೆ ಔಷಧದ ಕ್ಯಾಪ್ಸೂಲಿನಂಥ ತೆಳ್ಳನೆ ಚಿಪ್ಪಿನೊಳಗೆ ಬಣ್ಣದ ದ್ರವ. ಮೈಗೆ ಬಡಿದರೆ ಒಡೆದು ಬಣ್ಣ ಮೆತ್ತುತ್ತದೆ. ಬಣ್ಣ ಮೆತ್ತಿದವನು ಔಟು. ಒಂದೇ ಒಂದು ನಿಯಮವನ್ನು ಯಾರೂ ಮುರಿಯುವ ಹಾಗಿರಲಿಲ್ಲ. ಮಾಸ್ಕಿಲ್ಲದ ಮುಖ ಮೈದಾನದೊಳಗೆ ಕಂಡರೆ ಮಾರ್ಷಲ್ ಸೀಟಿ ಊದಬೇಕು, ಆ ಕ್ಷಣವೇ ಎಲ್ಲರೂ ನಳಿಗೆಯನ್ನು ನೆಲಕ್ಕೆ ತೋರಿಸಿ ನಿಲ್ಲಬೇಕು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಆಟಕ್ಕೆ ಮುಂಚೆ ಇದನ್ನು ಇಂಗ್ಲಿಷಿನಲ್ಲಿ ಒಪ್ಪಿಸುವುದು ನನ್ನ ಪಾಲಿಗೆ ಬಂದಿತ್ತು. ಅಷ್ಟು ಇಂಗ್ಲಿಷು ನನಗಿತ್ತು.

ಆಟ ಮುಗಿದ ಮೇಲೆ ಇನ್ನೊಂದು ಇರುತ್ತಿತ್ತು. ಗಿರಾಕಿಗಳು ಕೊಂಡ ಗುಂಡುಗಳಲ್ಲಿ ಮಿಕ್ಕಿದ್ದನ್ನು ವಾಪಸು ಪಡೆಯುವ ಪದ್ಧತಿ ರೆಸಾರ್ಟಿನಲ್ಲಿರಲಿಲ್ಲ. ಹಾಗೇ ಬಿಟ್ಟು ಹೋಗಲು ಅವರಿಗೆ ಮನಸ್ಸಾಗುತ್ತಿರಲಿಲ್ಲ. ಅದಕ್ಕೆ ಮಾವ ಕಂಡುಕೊಂಡಿದ್ದ ದಾರಿಗೆ ನಮ್ಮಲ್ಲಿ 'ಮೊಲ ಬಿಡೋದು' ಎಂದು ಹೆಸರು. ಕೆಲಸದವರಲ್ಲಿ ಒಬ್ಬ ಮಾಸ್ಕು ಹಾಕಿ, ಒಂದರ ಮೇಲೊಂದು ಜಾಕೆಟ್ಟು ತೊಟ್ಟು ಮೈದಾನದ ಈ ತುದಿಯಿಂದ ನೀರಿನ ಟ್ಯಾಂಕಿನವರೆಗೆ ಓಡಬೇಕು. ಗಿರಾಕಿಗಳು ಸಾಲಾಗಿ ನಿಂತು ಮಿಕ್ಕ ಗುಂಡುಗಳನ್ನೆಲ್ಲ ಅವನ ಮೇಲೆ ಖಾಲಿ ಮಾಡಬೇಕು. ನಗುತ್ತಾರೆ, ವಿಡಿಯೊ ಮಾಡಿಕೊಳ್ಳುತ್ತಾರೆ, ಮುಂದಿನ ಸಲ ಇನ್ನಷ್ಟು ಜನರನ್ನು ಕರೆತರುತ್ತಾರೆ. ನಾನು ಸಣ್ಣಗಿದ್ದೆ, ಚೆನ್ನಾಗಿ ಓಡುತ್ತಿದ್ದೆ. ಹಾಗಾಗಿ ಮೊಲ ಸಾಮಾನ್ಯವಾಗಿ ನಾನೇ. ತೊಡೆಯ ಹಿಂದೆ ನೇರಳೆ ಬಣ್ಣದ ದುಂಡನೆ ಗುರುತುಗಳು ಬೀಳುತ್ತಿದ್ದವು. ಸೋಮವಾರ ಕ್ಲಾಸಿನಲ್ಲಿ ಬೆಂಚಿನ ಅಂಚಿಗೆ ಕೂರುತ್ತಿದ್ದೆ. ಒಮ್ಮೆ ಓಟ ಮುಗಿಸಿ ಏದುಸಿರು ಬಿಡುತ್ತಿದ್ದಾಗ ಒಬ್ಬ ನೀರಿನ ಬಾಟಲು ಕೊಟ್ಟು, ಬೇರೇನು ಮಾಡುತ್ತೀಯ ಎಂದು ಕೇಳಿದ. ಇಂಜಿನಿಯರಿಂಗ್ ಓದುತ್ತಿದ್ದೇನೆ ಅಂದೆ. ತಮಾಷೆ ಅಂದುಕೊಂಡು ಬೆನ್ನು ತಟ್ಟಿ ಜೋರಾಗಿ ನಕ್ಕ. ಡಿಗ್ರಿ ಬೇಕು ಅನ್ನುವುದು ನನಗೆ ಅದುವರೆಗೆ ಆಸೆಯಾಗಿತ್ತು. ಅವತ್ತಿನಿಂದ ಹಟವಾಯಿತು. ಡಿಗ್ರಿ ಸಿಕ್ಕರೆ ಈ ಮೈದಾನದಿಂದ ಆಚೆ. ಸಿಗದಿದ್ದರೆ ಕಾಲು ಬಿದ್ದುಹೋಗುವ ತನಕ ಇದೇ ಓಟ.

ಮಾರ್ಕರ್ ಎಂಬ ಆ ಯಂತ್ರವನ್ನು ಮಾತ್ರ ನಾನು ಪ್ರೀತಿಸಿದೆ. ಅದರ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ. ಮೈದಾನದ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೆಟ್ಟವನ್ನು ಬಿಚ್ಚಿ ಜೋಡಿಸುವ ಕೆಲಸ ಯಾರಿಗೂ ಬೇಕಿರಲಿಲ್ಲ, ನಾನು ಕೇಳಿ ಪಡೆದೆ. ನೋಡಲು ಬಂದೂಕಿನಂತೆ ಇದ್ದರೂ ಒಳಗೆ ಮದ್ದಿಲ್ಲ, ಬೆಂಕಿಯಿಲ್ಲ. ಕೆಳಗೆ ಒಂದು ಸಣ್ಣ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ. ಆ ಗಾಳಿ ಮಾರ್ಕರಿನ ಹೊಟ್ಟೆಯಲ್ಲಿರುವ ಒಂದು ಗೂಡಿಗೆ ಬಂದು ಕಾಯುತ್ತಿರುತ್ತದೆ. ಗೂಡಿನ ಬಾಯಿಗೆ ಬೆರಳ ತುದಿಯಷ್ಟು ಸಣ್ಣ ಬಿರಡೆ. ಅದರ ಹಿಂದೆ ಸ್ಪ್ರಿಂಗಿನಿಂದ ಬಿಗಿದಿಟ್ಟ ಉಕ್ಕಿನ ಸುತ್ತಿಗೆ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಸುತ್ತಿಗೆ ಚಿಮ್ಮಿ ಬಿರಡೆಯ ಬಾಲಕ್ಕೆ ಬಡಿಯುತ್ತದೆ, ಬಿರಡೆ ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆದು ಮುಚ್ಚುತ್ತದೆ. ಅಷ್ಟರಲ್ಲಿ ಹೊರಬಿದ್ದ ಗಾಳಿಯಲ್ಲಿ ಒಂದು ಪಾಲು ಮುಂದೆ ನುಗ್ಗಿ ಗುಂಡನ್ನು ನಳಿಗೆಯಿಂದ ತಳ್ಳುತ್ತದೆ, ಇನ್ನೊಂದು ಪಾಲು ಹಿಂದೆ ಬಂದು ಸುತ್ತಿಗೆಯನ್ನು ಮತ್ತೆ ಬಿಗಿಯುತ್ತದೆ. ಮೇಲಿನ ಡಬ್ಬಿಯಿಂದ ಇನ್ನೊಂದು ಗುಂಡು ಉರುಳಿ ಬಂದು ಕೂರುತ್ತದೆ. ಮೊದಲ ಸಲ ಇದನ್ನು ಬಿಚ್ಚಿ ಅರ್ಥ ಮಾಡಿಕೊಂಡ ದಿನ, ಕಾಲೇಜಿನ ಬೋರ್ಡಿನ ಮೇಲೆ ವರ್ಷಗಟ್ಟಲೆ ನೋಡಿದ್ದ ಸೂತ್ರಗಳು ನನ್ನ ಅಂಗೈಯಲ್ಲಿ ಕೂತಿವೆ ಅನ್ನಿಸಿತು.

ನಮ್ಮ ಕಡೆಯ ಹವೆ ಅದಕ್ಕೆ ಆಗಿಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಬಂಡೆ ಕಾದು ಗುಂಡಿನ ಚಿಪ್ಪು ಮೆತ್ತಗಾಗಿ ನಳಿಗೆಯೊಳಗೇ ಒಡೆಯುತ್ತಿತ್ತು. ಮಳೆಗಾಲದಲ್ಲಿ ತೇವ ಕುಡಿದು ಊದಿಕೊಂಡು ಸಿಕ್ಕಿಕೊಳ್ಳುತ್ತಿತ್ತು. ಬೆಳಿಗ್ಗೆ ಒಂದೊಂದನ್ನೂ ವೇಗ ಅಳೆಯುವ ಪೆಟ್ಟಿಗೆಯ ಮುಂದೆ ಹಾರಿಸಿ, ಹಿಂಬದಿಯ ತಿರುಪು ತಿರುಗಿಸಿ ವೇಗ ತಗ್ಗಿಸಬೇಕಿತ್ತು. ತಗ್ಗಿಸದೆ ಬಿಟ್ಟರೆ ಏಟು ಚರ್ಮ ಕಿತ್ತುಬಿಡುತ್ತದೆ. ನನ್ನ ಮೇಲೇ ಹಾರುವ ಗುಂಡಿನ ವೇಗವನ್ನು ನಾನೇ ಹೊಂದಿಸುತ್ತಿದ್ದೆ. ಆ ಕೆಲಸದಲ್ಲಿ ನಾನೆಂದೂ ಅಜಾಗರೂಕನಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಈ ಮಾರ್ಕರುಗಳೆಲ್ಲ ಹೊರದೇಶದವು. ಬಿಡಿಭಾಗ ಬರುವಷ್ಟರಲ್ಲಿ ಸೀಸನ್ನೇ ಮುಗಿದಿರುತ್ತಿತ್ತು. ಸತ್ತವು ಗೋಣಿಚೀಲದಲ್ಲಿ ಬಿದ್ದಿರುತ್ತಿದ್ದವು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡುವುದೆಂದು ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ನಿಶ್ಚಯಿಸಿದ್ದೆ. ಪೂರ್ತಿ ಮಾರ್ಕರನ್ನು ನಮ್ಮ ಜಿಲ್ಲೆಯೊಳಗೇ ಮಾಡಬೇಕು.

ಗೈಡ್ ಆಗಿದ್ದ ಮೇಷ್ಟ್ರು ಪ್ರಾಜೆಕ್ಟಿನ ಹೆಸರು ಕೇಳಿದ ಕೂಡಲೇ ಕೈ ಎತ್ತಿದರು. ಕಾಲೇಜಿನಲ್ಲಿ ಬಂದೂಕು ಮಾಡಿಸಿದೆ ಅಂತ ನನ್ನ ಪಿಂಚಣಿಗೆ ಕುತ್ತು ತರ್ತೀಯೇನಯ್ಯಾ ಅಂದರು. ನಾನು ಹೆಸರು ಬದಲಾಯಿಸಿದೆ. 'ಸಂಕುಚಿತ ವಾಯುವಿನಿಂದ ಗೋಲಾಕಾರದ ವಸ್ತುವನ್ನು ಚಲಾಯಿಸುವ ಉಪಕರಣ' ಎಂಬರ್ಥದ ಇಂಗ್ಲಿಷು ಬರೆದುಕೊಟ್ಟೆ. ಓದಿ ತಲೆದೂಗಿ ಸಹಿ ಹಾಕಿದರು. ವಸ್ತು ಅದೇ.

ನನ್ನ ತಂಡದಲ್ಲಿ ಇನ್ನೂ ಮೂವರಿದ್ದರು, ಬೆಂಗಳೂರಿನಿಂದ ಕಾಲೇಜು ಬಸ್ಸಿನಲ್ಲಿ ಬಂದುಹೋಗುವವರು. ಕೆಟ್ಟವರಲ್ಲ. ಕೈ ಕೊಳೆ ಮಾಡಿಕೊಳ್ಳುವ ಕೆಲಸ ನನ್ನದು, ಚೆಂದದ ಸ್ಲೈಡು ಮಾಡಿ ಮಾತಾಡುವ ಕೆಲಸ ತಮ್ಮದು ಎಂದು ಅವರೇ ಪಾಲು ಮಾಡಿಕೊಂಡಿದ್ದರು. ಅಲ್ಯೂಮಿನಿಯಂ ದಂಡದಿಂದ ಮೈ ಕಡೆದದ್ದು ನಾನು, ಕಾಲೇಜಿನ ವರ್ಕ್‌ಶಾಪಿನಲ್ಲಿ. ನಳಿಗೆಯ ಒಳಮೈ ಕನ್ನಡಿಯಂತೆ ನುಣುಪಾಗಿರಬೇಕು, ಅದನ್ನು ಬಿಡದಿಯ ಒಂದು ಶೆಡ್ಡಿನಲ್ಲಿ ಪರಿಚಯದವರ ಕೈಕಾಲು ಹಿಡಿದು ಮಾಡಿಸಿದೆ. ಸ್ಪ್ರಿಂಗುಗಳನ್ನು ರಾಮನಗರದ ಗುಜರಿ ಅಂಗಡಿಗಳಲ್ಲಿ ಆರಿಸಿದೆ. ಗುಂಡಿನ ಡಬ್ಬಿಗೆ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ. ಎಷ್ಟು ತೊಳೆದರೂ ಮೆಂತ್ಯದ ವಾಸನೆ ಹೋಗಲಿಲ್ಲ.

ಉಳಿದದ್ದು ಬಿರಡೆ. ನೈಲಾನಿನಲ್ಲಿ ಮಾಡಬೇಕು, ಕಾಲೇಜಿನ ಲೇತಿನಲ್ಲಿ ಅಷ್ಟು ಸಣ್ಣದನ್ನು ಹಿಡಿಯುವ ಬಾಯಿ ಇರಲಿಲ್ಲ. ಅಂಥ ಸಣ್ಣ ಸಾಮಾನು ಕಡೆದೇ ಅಪ್ಪ ಮುದುಕನಾಗಿದ್ದ. ಸತ್ತ ಮಾರ್ಕರೊಂದರಿಂದ ಹಳೆಯ ಬಿರಡೆ ತೆಗೆದು ಮಾದರಿಗೆ ಕೊಟ್ಟೆ, ಜೊತೆಗೆ ನೈಲಾನು ಕಡ್ಡಿ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಬೊಂಬೆ ಕಡೆಯುವ ಹಾಲೆಮರದಷ್ಟು ಸುಖ ಇಲ್ಲ ಇದು ಅಂದ. ಮಾರನೆಯ ದಿನ ತಂದುಕೊಟ್ಟ ಬಿರಡೆ ಎಷ್ಟು ಚೆಂದವಿತ್ತೆಂದರೆ ಅದನ್ನು ಒಳಗೆ ಹುದುಗಿಸಲು ಮನಸ್ಸಾಗಲಿಲ್ಲ.

'ಅರಗು ಹಾಕ್ಲಾ? ಒಸಿ ಕೆಂಪು ಕೊಟ್ರೆ ಚಂದಾಗ್ ಕಾಣ್ತದೆ' ಎಂದು ಕೇಳಿದ.

ಒಳಗಿರುವ ಸಾಮಾನು, ಯಾರಿಗೂ ಕಾಣುವುದಿಲ್ಲ ಅಂದೆ. ಕಾಣದಿದ್ದರೇನು ಎಂಬಂತೆ ಮುಖ ಮಾಡಿದ.

ಕಾಲೇಜಿನಲ್ಲಿ ಮೊದಲ ಪರಿಶೀಲನೆಯ ದಿನ ಮಾರ್ಕರನ್ನು ಮೇಜಿನ ಮೇಲಿಟ್ಟು ಸಿಲಿಂಡರ್ ತಿರುಗಿಸಿದೆ. ಕುದುರೆ ಮುಟ್ಟುವ ಮೊದಲೇ ನಳಿಗೆಯಿಂದ ಬುಸ್ಸೆಂದು ಗಾಳಿ ಹೊರಟಿತು. ನಿಲ್ಲಲೇ ಇಲ್ಲ. ಸಿಲಿಂಡರ್ ಖಾಲಿಯಾಗುವವರೆಗೆ ಎಲ್ಲರೂ ಆ ಸದ್ದು ಕೇಳುತ್ತಾ ನಿಂತಿದ್ದರು.

ಮೇಷ್ಟ್ರು ಕುಕ್ಕರ್ ಮಾಡಿದ್ದೀರೇನ್ರಯ್ಯಾ ಎಂದು ಕೇಳಿದರು. ನನ್ನ ತಂಡದವನೊಬ್ಬ ತಪ್ಪಿಸಿಕೊಳ್ಳಲು, ಆ ಭಾಗ ಇವರಪ್ಪ ಮಾಡಿದ್ದು ಸಾರ್, ಬೊಂಬೆ ಮಾಡ್ತಾರೆ ಅಂದ.

'ಅದಕ್ಕೇ ಬೊಂಬೆ ಥರಾನೇ ಇದೆ' ಅಂದರು ಮೇಷ್ಟ್ರು.

ಕ್ಲಾಸು ನಕ್ಕಿತು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯಬೇಕೆಂದೂ ಇಲ್ಲ. ಹೊರಗಿನ ಪರೀಕ್ಷಕರು ಬರುವ ದಿನ ಇದು ಕೆಲಸ ಮಾಡದಿದ್ದರೆ ಪ್ರಾಜೆಕ್ಟಿಗೆ ಅಂಕವಿಲ್ಲ, ಇನ್ನೊಂದು ವರ್ಷ ಕಾಯಬೇಕು ಎಂದು ಹೇಳಿ ಮೇಷ್ಟ್ರು ಎದ್ದರು. ಉಳಿದ ಮೂವರಿಗೆ ಇನ್ನೊಂದು ವರ್ಷ ಎಂದರೆ ಬೇಸರ, ಅಷ್ಟೆ. ನಮ್ಮ ಮನೆಯಲ್ಲಿ ನನ್ನದು ಮುಗಿದ ಮೇಲೆ ತಂಗಿಯ ಸರದಿ ಎಂದು ಮಾತಾಗಿತ್ತು. ಅವಳು ಪಿಯುಸಿ ಮುಗಿಸಿ ಕೂತಿದ್ದಳು. ಅವಳನ್ನು ಇನ್ನೊಂದು ವರ್ಷ ಕೂರಿಸಿ ನಾನು ಓದುವ ಮಾತೇ ಇರಲಿಲ್ಲ.

ಸೋಪಿನ ನೀರು ಸವರಿ ಗಾಳಿ ಎಲ್ಲಿ ಸೋರುತ್ತದೆ ನೋಡಿದೆ. ಗುಳ್ಳೆ ಏಳುತ್ತಿದ್ದದ್ದು ಬಿರಡೆ ಕೂರುವ ಜಾಗದಲ್ಲಿ. ಹಳೆಯ ಬಿರಡೆಯನ್ನೂ ಅಪ್ಪನದನ್ನೂ ಭೂತಗನ್ನಡಿಯ ಕೆಳಗೆ ಪಕ್ಕಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದ ಮೇಲೆ ತಿಳಿಯಿತು. ಅಳತೆಯೆಲ್ಲ ಸರಿಯಾಗಿತ್ತು. ಆದರೆ ಹಳೆಯದರ ಅಂಚು ಉಳಿಯಿಂದ ಆಗತಾನೆ ಎದ್ದಂತೆ ಚೂಪಾಗಿತ್ತು, ಅಪ್ಪನದು ಮೊಂಡಾಗಿ ಉರುಟಾಗಿತ್ತು. ಆ ಅಂಚೇ ಲೋಹಕ್ಕೆ ಕಚ್ಚಿ ಗಾಳಿಯನ್ನು ತಡೆಯಬೇಕು.

ಅಪ್ಪನ ಕಾರ್ಖಾನೆಯಲ್ಲಿ ಏನೇ ಕಡೆದರೂ ಕೊನೆಗೆ ಅಂಚು ಮುರಿಯುತ್ತಾರೆ. ಉಪ್ಪುಕಾಗದ ಒತ್ತಿ, ಆಮೇಲೆ ತಾಳೆಗರಿಯಿಂದ ಉಜ್ಜಿ ನುಣ್ಣಗೆ ಮಾಡುತ್ತಾರೆ. ಅಷ್ಟಕ್ಕೂ ತೃಪ್ತಿಯಾಗದೆ ಅಪ್ಪ ಪ್ರತಿಯೊಂದನ್ನೂ ತನ್ನ ಕೆಳತುಟಿಗೆ ತಾಗಿಸಿ ಒಂದು ಸುತ್ತು ತಿರುಗಿಸಿ ನೋಡುತ್ತಿದ್ದ. ಮಗು ಬಾಯಿಗಿಟ್ಟರೆ ಚುಚ್ಚಬಾರದು. ಗಾಳಿಯ ಗೂಡಿನೊಳಗೆ ಕೂರುವ ಬಿರಡೆಯನ್ನೂ ಹಾಗೇ ತುಟಿಗೆ ತಾಗಿಸಿ ನೋಡಿ ಕೊಟ್ಟಿದ್ದ.

ಕಾರ್ಖಾನೆಗೆ ಹೋಗಿ ವಿಷಯ ಹೇಳಿದೆ. ಅಪ್ಪ ಲೇತು ನಿಲ್ಲಿಸಿದ.

'ಅಂಚು ಮುರೀಬ್ಯಾಡ ಅಂತೀಯಾ?'

'ಹೂಂ ಅಪ್ಪ. ಉಳಿ ಬಿಟ್ಟಂಗೇ ಇರ್ಲಿ.'

'ಅಂಗೆ ಬುಟ್ರೆ ಅರ್ಧ ಕೆಲ್ಸ ಮಾಡಿ ಎದ್ದೋದಂಗೆ ಕಣ್ಲಾ. ನೋಡ್ದೋರು ಏನಂದಾರು?'

ಯಾರೂ ನೋಡುವುದಿಲ್ಲ ಎಂದು ಇನ್ನೊಮ್ಮೆ ಹೇಳಬೇಕಾಯಿತು. ಹೊಸ ತುಂಡು ಕಡೆದ. ಮುಗಿಯುತ್ತಿದ್ದ ಹಾಗೆ ಕೈ ತಾನಾಗಿ ಉಪ್ಪುಕಾಗದಕ್ಕೆ ಹೋಯಿತು, ನಾನು ಬೇಡ ಅನ್ನುವಷ್ಟರಲ್ಲಿ ಅಂಚು ಹೋಗಿತ್ತು. ಇನ್ನೊಂದು ಮಾಡಿದ, ಅದೂ ಹೋಯಿತು. ಪಕ್ಕದ ಲೇತಿನ ಸಾಬರು, ನಿಮ್ಮಪ್ಪನ ಕೈ ಕಟ್ಟಾಕಿ ಕಡಿಸಬೇಕು ನೋಡು ಎಂದು ನಕ್ಕರು. ಅಪ್ಪನಿಗೆ ನಗು ಬರಲಿಲ್ಲ. ನೀನು ಎದುರಿಗಿದ್ದರೆ ಆಗುವುದಿಲ್ಲ ಹೋಗು, ನಾನೇ ತಂದುಕೊಡುತ್ತೇನೆ ಅಂದ. ಪರೀಕ್ಷಕರು ಬರುವುದು ಸೋಮವಾರ. ನಾನು ಭಾನುವಾರ ಎಲ್ಲಿರುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

ಭಾನುವಾರ ರೆಸಾರ್ಟಿಗೆ ದೊಡ್ಡ ಗುಂಪು ಬಂದಿತ್ತು. ನನ್ನ ಮಾರ್ಕರಿಗೆ ಗಾಳಿ ತುಂಬುವ ಯಂತ್ರ ಇದ್ದದ್ದು ಅಲ್ಲೊಂದೇ ಕಡೆ, ಅದರ ಬೀಗದ ಕೈ ಮಾವನ ಜೇಬಿನಲ್ಲಿ. ಪೂರ್ತಿ ದಿನ ಕೆಲಸ ಮಾಡು, ಸಂಜೆ ಮೊಲ ಓಡು, ನಿನ್ನ ಸಿಲಿಂಡರ್ ತುಂಬಿಸಿಕೋ ಎಂದು ಅವನು ಬೆಳಿಗ್ಗೆಯೇ ಮಾತು ಮಾಡಿಕೊಂಡಿದ್ದ. ನಾನು ಒಪ್ಪಿ ಆಗಲೇ ಸಿಲಿಂಡರ್ ತುಂಬಿಸಿಕೊಂಡಿದ್ದೆ.

ಮಧ್ಯಾಹ್ನ ಕಳೆದ ಮೇಲೆ ಅಪ್ಪ ಬಂದ. ಹೊಂಗನೂರಿನಿಂದ ಬಸ್ಸು ಹಿಡಿದು, ಚನ್ನಪಟ್ಟಣದಲ್ಲಿ ಬದಲಿಸಿ, ರಾಮನಗರದಿಂದ ಆಟೋ ಸಿಕ್ಕಷ್ಟು ದೂರ ಬಂದು, ಮಿಕ್ಕಿದ್ದು ನಡೆದು. ಕರ್ಚೀಫಿನ ಗಂಟಿನಲ್ಲಿ ಬಿರಡೆ ಇತ್ತು. ಬೆರಳು ತಾಗಿಸಿದೆ, ಅಂಚು ಕಚ್ಚಿತು. ಶೆಡ್ಡಿನಲ್ಲಿ ಕೂತು ಅದನ್ನು ಕೂರಿಸಿದೆ, ತುಂಬಿದ ಸಿಲಿಂಡರ್ ತಿರುಗಿಸಿದೆ. ಸದ್ದಿಲ್ಲ. ಕಿವಿಯಿಟ್ಟು ಕೇಳಿದೆ, ಸದ್ದಿಲ್ಲ. ಅಪ್ಪನನ್ನು ಹೊರಗೆ ಬಂಡೆಯ ನೆರಳಿನಲ್ಲಿ ಕೂರಿಸಿ, ಶೆಡ್ಡಿನ ಹಿಂಬದಿಯಲ್ಲಿ ವೇಗದ ಪೆಟ್ಟಿಗೆಯ ಮುಂದೆ ಹಾರಿಸಲು ಶುರು ಮಾಡಿದೆ. ಮೊದಲು ಕಡಿಮೆ ಬಂತು, ತಿರುಪು ಬಿಗಿ ಮಾಡಿದರೆ ಜಾಸ್ತಿಯಾಯಿತು. ನನಗೆ ಹೊತ್ತಿನ ಅರಿವೇ ಇರಲಿಲ್ಲ.

ಆಮೇಲೆ ನಡೆದದ್ದನ್ನು ನನಗೆ ಹೇಳಿದವನು ಜೊತೆಯ ಮಾರ್ಷಲ್. ಆಟ ಮುಗಿದು ಗಿರಾಕಿಗಳು ಮೊಲ, ಮೊಲ ಎಂದು ಕೂಗಲು ಶುರು ಮಾಡಿದ್ದರು. ಮಾವ ನನ್ನನ್ನು ಕರೆಯಲು ಬಂದವನು ಬಂಡೆಯ ಹತ್ತಿರ ಅಪ್ಪನನ್ನು ಕಂಡ.

'ಎಲ್ಲಿ ಭಾವ ನಿಮ್ ಇಂಜಿನಿಯರು? ಓಡ್ತೀನಿ ಅಂತ ಒಪ್ಕಂಡು ಒಳಗೆ ಸೇರ್ಕಂಡವ್ನೆ. ಬರಲ್ಲ ಅಂದ್ರೆ ಸಿಲಿಂಡರ್ ಇಳ್ಸಿ ಮಡಗಿ ಹೋಗ್ಲಿ.'

'ಅವನ್ಗೆ ಕೆಲ್ಸ ಐತೆ. ಏನ್ ಓಡ್ಬೇಕು, ನಾನ್ ಓಡ್ತೀನಿ ಬುಡು' ಎಂದನಂತೆ ಅಪ್ಪ.

ಅದೇನೆಂದು ಅಪ್ಪನಿಗೆ ಗೊತ್ತಿರಲಿಲ್ಲ. ನನ್ನ ತೊಡೆಯ ಗುರುತುಗಳನ್ನು ನಾನು ಮನೆಯಲ್ಲಿ ತೋರಿಸಿದವನೇ ಅಲ್ಲ. ಮಾವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಕ್ಕನ ಗಂಡನಿಗೆ ಜಾಕೆಟ್ಟು ತೊಡಿಸಿ, ಮಾಸ್ಕು ಕಟ್ಟಿ, ಪಂಚೆಯ ಮೇಲೆಯೇ ಮೈದಾನದೊಳಗೆ ಬಿಟ್ಟ.

ಪಟಪಟ ಸದ್ದು, ನಗು ನನಗೂ ಕೇಳಿಸಿತು. ವಾರವಾರ ಕೇಳುವ ಸದ್ದು, ತಲೆಯೆತ್ತಲಿಲ್ಲ. ಆಮೇಲೆ ನಗು ನಿಂತು, 'ರನ್ ಅಂಕಲ್, ರನ್' ಎಂದು ಕೂಗುವುದು ಕೇಳಿಸಿತು. ಅಂಕಲ್ ಎನ್ನುವ ವಯಸ್ಸಿನವರು ಯಾರೂ ನಮ್ಮ ಮಾರ್ಷಲ್‌ಗಳಲ್ಲಿ ಇರಲಿಲ್ಲ. ಹೊರಗೆ ಬಂದು ನೋಡಿದೆ.

ಅಪ್ಪ ಓಡುತ್ತಿರಲಿಲ್ಲ. ನಡೆಯುತ್ತಿದ್ದ. ಬಸ್‌ಸ್ಟ್ಯಾಂಡಿನಿಂದ ಕಾರ್ಖಾನೆಗೆ ನಡೆಯುವ ಅದೇ ನಡಿಗೆ, ಅವಸರವಿಲ್ಲ. ವರ್ಷಗಟ್ಟಲೆ ಲೇತಿನ ಮುಂದೆ ಮಡಿಚಿ ಕೂತ ಮೊಣಕಾಲಿನಿಂದ ಅದಕ್ಕಿಂತ ಜೋರು ಆಗುತ್ತಲೂ ಇರಲಿಲ್ಲ. ಬೆನ್ನೆಲ್ಲ ಹಳದಿ, ಹಸಿರು. ಪಂಚೆಯ ಮೇಲೆ, ಬರಿ ಮೀನಖಂಡದ ಮೇಲೆ ಬಣ್ಣ. ಸಾಲಿನಲ್ಲಿ ಕೆಲವರು ಹೊಡೆಯುವುದನ್ನು ನಿಲ್ಲಿಸಿದ್ದರು, ಕೆಲವರು ನಿಲ್ಲಿಸಿರಲಿಲ್ಲ. ಕತ್ತಿನ ಹಿಂದೆ, ಜಾಕೆಟ್ಟೂ ಮಾಸ್ಕೂ ಮುಚ್ಚದ ಜಾಗಕ್ಕೆ ಒಂದು ಬಿತ್ತು. ಕೈಯನ್ನು ಅಲ್ಲಿಗೆ ಒಯ್ದು ನೋಡಿಕೊಂಡು ಮತ್ತೆ ನಡೆದ.

ನಾನು ಮಾಸ್ಕು ಹಾಕಲಿಲ್ಲ. ಬರಿ ಮುಖದಲ್ಲಿ ಮೈದಾನದೊಳಗೆ ನುಗ್ಗಿದೆ. ಸೀಟಿ ಕೇಳಿತು, ಆಮೇಲೆ ಇನ್ನೊಂದು ಸೀಟಿ. ಸಾಲಿನಲ್ಲಿದ್ದವರೆಲ್ಲ ನಳಿಗೆಯನ್ನು ನೆಲಕ್ಕೆ ತೋರಿಸಿದರು. ಬೆಳಿಗ್ಗೆ ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಕಲಿಸಿದವನು ನಾನೇ. ಅಪ್ಪನ ತೋಳು ಹಿಡಿದು ಆಚೆ ಕರೆತಂದೆ. ಮಾಸ್ಕು ಬಿಚ್ಚಿದಾಗ ಅವನ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು.

ಮಾವ ಉರಿದುಬಿದ್ದ. ನಿಯಮ ಹೇಳುವವನೇ ನಿಯಮ ಮುರಿದ, ಗಿರಾಕಿಗಳ ಮುಂದೆ ಮಾನ ಹೋಯಿತು, ನಾಳೆಯಿಂದ ಈ ಕಡೆ ತಲೆ ಹಾಕಬೇಡ ಅಂದ. ನಾನು ಬಾಯಿಗೆ ಬಂದದ್ದನ್ನು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತಪ್ಪೆಂದಲ್ಲ, ಅಮ್ಮ ಓದಿಸಿ ಕೇಳುತ್ತಾಳೆ ಎಂದು. ಅಪ್ಪ ನನ್ನ ಮಾತಿನ ನಡುವೆ ಮಾರ್ಕರನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟಿದ್ದ. ರಸ್ತೆಯಲ್ಲಿ ಕೇಳಿದ್ದು ಇಷ್ಟೆ:

'ಗಾಳಿ ಐತಲ್ಲ ಅದ್ರಾಗೆ? ನಾಳೀಕ್ ಸಾಲ್ತದಾ?'

ಸಾಲುತ್ತದೆ ಅಂದೆ.

ಸೋಮವಾರ ಮಾರ್ಕರ್ ಕೆಲಸ ಮಾಡಿತು. ವರ್ಕ್‌ಶಾಪಿನ ಹಿಂದಿನ ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ಗುಂಡುಗಳು ಒಂದರ ಪಕ್ಕ ಒಂದು ಒಡೆದವು. ಕಾಲೇಜಿನಲ್ಲಿ ನಾನು ಪಟ್ಟ ಸುಖವೆಲ್ಲ ಅಷ್ಟೇ ಹೊತ್ತಿನದು. ತಂಡದ ಮೂವರು ಸ್ಲೈಡು ಹಾಕಿ ನಿರರ್ಗಳವಾಗಿ ಮಾತಾಡಿದರು. ಪರೀಕ್ಷಕರು ಅವರಿಗೆ ತಲೆದೂಗಿದರು. ನನ್ನ ಕಡೆ ತಿರುಗಿ, ಇದನ್ನು ಯಾವ ಕಂಪನಿಯಿಂದ ಕೊಂಡಿರಿ ಎಂದು ಕೇಳಿದರು. ನಾವೇ ಮಾಡಿದ್ದು ಸಾರ್ ಅಂದೆ. ಇನ್ನೊಂದು ಸಲ ಅದನ್ನೇ ಕೇಳಿದರು, ಇನ್ನೊಂದು ಸಲ ಅದನ್ನೇ ಹೇಳಿದೆ. ನಂಬಿದರೋ ಇಲ್ಲವೋ ಗೊತ್ತಿಲ್ಲ. ಫಲಿತಾಂಶ ಬಂದಾಗ ಪ್ರಾಜೆಕ್ಟಿನಲ್ಲಿ ಆ ಮೂವರಿಗೂ ನನಗಿಂತ ಹೆಚ್ಚು ಅಂಕ. ಮಾರ್ಕರನ್ನು ಕಾಲೇಜೇ ಇಟ್ಟುಕೊಂಡಿತು. ಮುಂದೊಮ್ಮೆ ಹೋದಾಗ ಅದು ಗಾಜಿನ ಕಪಾಟಿನಲ್ಲಿತ್ತು. ಪಕ್ಕದಲ್ಲಿ ಗೈಡ್ ಮೇಷ್ಟ್ರ ಹೆಸರು ಮಾತ್ರ ಇತ್ತು.

ಆದರೂ ಪಾಸಾದೆ. ಇದನ್ನು ಮಾತ್ರ ಎದೆ ತಟ್ಟಿಕೊಂಡು ಹೇಳುತ್ತೇನೆ. ತಂಗಿ ಆ ವರ್ಷವೇ ಕಾಲೇಜು ಸೇರಿದಳು. ಅಪ್ಪನ ಕುಟುಂಬದಲ್ಲಿ, ಅಮ್ಮನ ಕುಟುಂಬದಲ್ಲಿ, ನಮಗೆ ತಿಳಿದಷ್ಟು ತಲೆಮಾರಿನಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಯಾರೂ ಕೊಟ್ಟದ್ದಲ್ಲ ಅದು, ಕಿತ್ತುಕೊಂಡದ್ದು. ಈಗ ಬಿಡದಿಯ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿದ್ದೇನೆ. ಅದು ಸಿಕ್ಕಿದ್ದು ಬಹಳ ತಡವಾಗಿ. ಪಾಸಾದ ಹೊಸತರಲ್ಲಿ ಮೆಕ್ಯಾನಿಕಲ್‌ನವರನ್ನು ಕೇಳಿಕೊಂಡು ನಮ್ಮ ಕಾಲೇಜಿಗೆ ಯಾವ ಕಂಪನಿಯೂ ಬರಲಿಲ್ಲ.

ಆ ಖಾಲಿ ದಿನಗಳಲ್ಲೇ ಮಾವ ಅಮ್ಮನ ಕೈಲಿ ಹೇಳಿ ಕಳಿಸಿದ. ಆದದ್ದು ಆಯಿತು, ರೆಸಾರ್ಟಿನವರು ಡಿಗ್ರಿ ಇರುವವನನ್ನೇ ಮೈದಾನದ ಮ್ಯಾನೇಜರ್ ಮಾಡಬೇಕೆಂದಿದ್ದಾರೆ, ಇವನೇ ಬರಲಿ, ಮಾರ್ಷಲ್‌ಗಳೆಲ್ಲ ಇವನ ಕೈಕೆಳಗೆ. ಅಮ್ಮನಿಗೆ ಸಮಾಧಾನವಾಯಿತು. ತಮ್ಮ ಎಷ್ಟೆಂದರೂ ತಮ್ಮ. ನಾನು ಆಗುವುದಿಲ್ಲ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಸುಮ್ಮನೆ ಮನೆಯಲ್ಲಿ ಕೂತವನಿಗೆ ಮಾತಾಡುವ ಮುಖ ಎಲ್ಲಿಂದ ಬರಬೇಕು.

ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ಫೋನು ಬಂದ ದಿನ ಅಪ್ಪ ಕೆಲಸಕ್ಕೆ ರಜೆ ಹಾಕಿ ಜೊತೆಗೆ ಬಂದ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ವೇದಿಕೆ, ಗೌನು, ಚಪ್ಪಾಳೆ ಇರುತ್ತದೆಂದುಕೊಂಡಿದ್ದನೋ ಏನೋ. ಅದೆಲ್ಲ ರ‍್ಯಾಂಕು ಬಂದವರಿಗೆ ಬೇರೆ ಕಡೆ ಆಗಿಹೋಗಿತ್ತು. ಆಫೀಸಿನ ಕಿಟಕಿಯ ಹಿಂದೆ ಗುಮಾಸ್ತರೊಬ್ಬರು ಬನ್ನು ತಿನ್ನುತ್ತಿದ್ದರು. ಕೈ ಒರೆಸಿಕೊಂಡು, ಸಹಿ ಹಾಕಿಸಿಕೊಂಡು, ಕವರು ಸರಳಿನ ಸಂದಿಯಿಂದ ಈಚೆ ತಳ್ಳಿದರು. ನಾನು ತೆಗೆದುಕೊಳ್ಳುವ ಮೊದಲೇ ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡ.

ಮೆಟ್ಟಿಲ ಮೇಲೆ ಕೂತು ಹೊರಗೆ ಎಳೆದು ನೋಡಿದೆವು. ಅದರಲ್ಲಿ ನಿನ್ನ ಹೆಸರೆಲ್ಲಿದೆ ಎಂದು ಕೇಳಿದ, ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತು, ಮತ್ತೆ ಕವರಿಗೆ ಸೇರಿಸಿ ನನ್ನ ಕೈಗೆ ಕೊಟ್ಟ. ಮಾವನ ರೆಸಾರ್ಟಿನ ಮಾತಿಗೆ ಏನು ಮಾಡಲಿ, ಅಮ್ಮ ಹೋಗು ಅನ್ನುತ್ತಾಳೆ ಎಂದು ಆಗ ಕೇಳಿದೆ.

'ಬ್ಯಾಡ ಮಗ' ಅಂದ ಅಪ್ಪ. 'ಅಲ್ಲಿಗೋದ್ರೆ ಇನ್ನು ನೀನ್ ಓಡಂಗಿಲ್ಲ, ಅದೇನೋ ನಿಜ. ಇನ್ನೊಬ್ರು ಮನೆ ಮಗನ್ನ ನೀನೇ ಓಡಿಸ್ಬೇಕಾಯ್ತದೆ.'